ನಾನು ರಮೇಶನಾಗಿದ್ದ ಬೆಳಗು

ನಾನು ಚಿಕ್ಕವನಿದ್ದಾಗ ಹಲಸೂರಿನ ನಮ್ಮ ಗಲ್ಲಿಯಲ್ಲಿ ನಿಂತು ‘ಮುನಿಯಪ್ಪಾ’ ಎಂದು ಕೂಗಿದರೆ ಕಡಿಮೆಯೆಂದರೂ ನಾಲ್ಕು ಬಾಗಿಲು ತೆರೆಯುತ್ತಿದ್ದವು. ಅದರಲ್ಲಿ ಒಂದು ನಮ್ಮದು. ಆಗ ಸುತ್ತಮುತ್ತ ಎಲ್ಲಿ ನೋಡಿದರೂ ಮರದ ಬುಡದಲ್ಲಿ ಮುನೇಶ್ವರನ ಕಲ್ಲು. ಅವನಿಗೆ ಹರಕೆ ಹೊತ್ತು ಪಡೆದ ಗಂಡುಮಕ್ಕಳೆಲ್ಲ ಮುನಿಯಪ್ಪ, ಮುನಿರಾಜು, ಮುನಿಸ್ವಾಮಿಗಳೇ.

ನನಗೆ ಆ ಹೆಸರು ಕಂಡರೆ ಆಗುತ್ತಿರಲಿಲ್ಲ. ನಾನೋ ಮಾತುಮಾತಿಗೂ ಮುಖ ಊದಿಸಿಕೊಳ್ಳುವ ಹುಡುಗ. ಅಕ್ಕನಿಗೆ ಅಷ್ಟೇ ಸಾಕು. “ನೋಡ್ರೋ, ಮುನಿಯಪ್ಪ ಮುನಿಸ್ಕೊಂಡ!” ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ನಾನು ಇನ್ನಷ್ಟು ಮುನಿಸಿಕೊಳ್ಳುತ್ತಿದ್ದೆ. ಆ ಹೊತ್ತಿಗೆ ಹೊಸದಾಗಿ ಹುಟ್ಟಿದವರಿಗೆ ರಮೇಶ, ಸುರೇಶ ಎಂದು ಹೆಸರಿಡುವ ಕಾಲ ಬಂದಿತ್ತು. ನನ್ನ ಕಿವಿಗೆ ಅವು ಇಸ್ತ್ರಿ ಮಾಡಿದ ಅಂಗಿಯಂಥ ಹೆಸರುಗಳು.

ಒಮ್ಮೆ ಶಾಲೆಯ ರಿಜಿಸ್ಟರಿನಲ್ಲಿ ಬರೆದರೆ ಜೀವನಪೂರ್ತಿ ಅದೇ ಹೆಸರು ಎಂದು ಅಕ್ಕ ಹೆದರಿಸಿದ್ದಳು. ಶಾಲೆಗೆ ಸೇರಿಸುವ ದಿನ ಬೆಳಗ್ಗೆ ನಾನು ಕಂಬ ತಬ್ಬಿ ನಿಂತೆ. “ರಮೇಶ ಅಂತ ಬರೆಸಿದ್ರೆ ಮಾತ್ರ ಬರ್ತೀನಿ.” “ಆಯ್ತಪ್ಪ, ಇವತ್ತಿಂದ ನೀನು ರಮೇಶ. ನಡಿ” ಎಂದರು ಅಪ್ಪ.

ಮೊದಲು ಸ್ಲೇಟು ಕೊಳ್ಳಲು ಬಜಾರಿಗೆ ಹೋದೆವು. ಕೊತ್ತಂಬರಿ, ಒದ್ದೆ ಗೋಣಿಚೀಲ, ಹುರಿದ ಕಾಫಿಬೀಜ ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಬಡಿಯುತ್ತಿತ್ತು. ಹೂವಿನವರು ತಮಿಳಿನಲ್ಲಿ ಕೂಗುತ್ತಿದ್ದರು. ಗಿಳಿಶಾಸ್ತ್ರದವನ ಗಿಳಿ ಪಂಜರದಿಂದ ಹೊರಬಂದು ಚೀಟಿ ಎತ್ತುವುದನ್ನು ನೋಡುತ್ತ ಅಪ್ಪನ ಕೈ ಬಿಟ್ಟೆ. ತಲೆಯೆತ್ತಿದರೆ ಅಪ್ಪ ಇಲ್ಲ. ಆ ಗದ್ದಲದಲ್ಲಿ ಎಲ್ಲೋ ಯಾರೋ “ರಮೇಶಾ, ರಮೇಶಾ” ಎಂದು ಕೂಗುತ್ತಿದ್ದರು. ಪಾಪ, ಯಾರದೋ ಮಗ ಕಳೆದುಹೋಗಿದ್ದಾನೆ ಎಂದುಕೊಂಡು, ನಾನು ಅಳುತ್ತ ಇನ್ನೊಂದು ದಿಕ್ಕಿಗೆ ಓಡಿದೆ!

ಕೊನೆಗೆ ಗಂಟಲು ಹರಿಯುವಂತೆ “ಮುನಿಯಪ್ಪಾ!” ಎಂಬ ಕೂಗು ಬಂತು. ಮೂಟೆ ಹೊತ್ತವರೊಬ್ಬರು ತಿರುಗಿದರು, ಬಾಳೆಹಣ್ಣಿನವರೊಬ್ಬರು ತಿರುಗಿದರು, ನಾನೂ ತಿರುಗಿದೆ. ಅಪ್ಪ ಓಡಿಬಂದು ನನ್ನನ್ನು ಎತ್ತಿಕೊಂಡರು. “ಅಕ್ಕ ಆದ್ಮೇಲೆ ಎರಡು ಮಕ್ಕಳು ನಮಗೆ ಉಳೀಲಿಲ್ಲ ಕಣೋ. ಇದೊಂದನ್ನ ಉಳಿಸ್ಕೊಡಪ್ಪ, ನಿನ್ ಹೆಸರೇ ಇಡ್ತೀನಿ ಅಂತ ಮುನೇಶ್ವರನ್ನ ಬೇಡ್ಕೊಂಡಿದ್ದೆ” ಎಂದರು.

ಹೆಡ್‌ಮಾಸ್ಟರು ಹೆಸರು ಕೇಳಿದಾಗ ಅಪ್ಪ ನನ್ನ ಕಡೆ ನೋಡಿದರು. ನಾನೇ “ಮುನಿಯಪ್ಪ” ಎಂದೆ. “ಇನ್ನೊಬ್ಬನಾ!” ಎಂದು ಅವರು ನಗುತ್ತ ಬರೆದುಕೊಂಡರು.

ಈಗ ನೋಡಿ ಮೊಮ್ಮಕ್ಕಳೇ, ನಿಮ್ಮ ಕ್ಲಾಸಿನಲ್ಲಿ ಮೂವರು ಆರವ್ ಇದ್ದಾರೆ, ಹುಡುಕಿದರೂ ಒಬ್ಬ ಮುನಿಯಪ್ಪ ಸಿಗುವುದಿಲ್ಲ. ಆಗಿನ ರಮೇಶರೂ ತಾತಂದಿರಾದರು. ನನ್ನನ್ನು ಹೆಸರು ಹಿಡಿದು ಕರೆಯಲು ಅಪ್ಪ ಇಲ್ಲ, ಅಕ್ಕನೂ ಇಲ್ಲ. ಅಂಗಡಿಯವರಿಗೆ ನಾನು ಅಂಕಲ್, ನಿಮಗೆ ತಾತ. ಅಕ್ಕ ಒಮ್ಮೆ ರೇಗಿಸಿದರೂ ಸಾಕಿತ್ತು ಎಂದು ಎಷ್ಟೋ ಸಲ ಅನ್ನಿಸುತ್ತದೆ.

ಹೋದ ಭಾನುವಾರ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ನಾನು ನಿಮ್ಮ ಕೈತಪ್ಪಿ ಹೋದೆನಲ್ಲ, ಆಗ ನೀವು “ತಾತಾ” ಎಂದು ಕೂಗಿದಿರಂತೆ. ಅಲ್ಲಿದ್ದ ಮುದುಕರೆಲ್ಲ ತಿರುಗಿದರಂತೆ. ಹಣ್ಣು ಆರಿಸುತ್ತಿದ್ದ ನನಗೆ ಗೊತ್ತೇ ಆಗಲಿಲ್ಲ. ಕೊನೆಗೆ ನಿಮ್ಮಲ್ಲಿ ಸಣ್ಣವಳು ಅಳು ಬಂದು “ಮುನಿಯಪ್ಪಾ!” ಎಂದು ಕಿರುಚಿದಳು. ತಾತನನ್ನು ಹೆಸರು ಹಿಡಿದು ಕರೆಯೋದಾ ಎಂದು ನಿಮ್ಮಮ್ಮ ಬೈದಳು. ನಾನು ಬೈಯಲಿಲ್ಲ. ಅಷ್ಟು ದೊಡ್ಡ ಮಾರ್ಕೆಟ್ಟಿನಲ್ಲಿ ಆ ಕೂಗಿಗೆ ತಿರುಗಿದವನು ನಾನೊಬ್ಬನೇ.