ಖಾರದ ಮೇಲೆ ಹಾಕಿದ ತಪ್ಪು

ಬ್ಯಾಡಗಿಯಲ್ಲಿ ಸುಗ್ಗಿ ಎಂದರೆ ಸೀನು. ಸಂಕ್ರಾಂತಿ ಮುಗಿಯಿತೆಂದರೆ ಊರಿಗೆ ಊರೇ ಸೀನುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಂಡು ಓಡಾಡಿದರೆ ನಮಗೆ ನಗು. ಎರಡು ಸಾವಿರನೇ ಇಸವಿಯ ಈಚಿನ ಆ ವರ್ಷಗಳಲ್ಲಿ ನಮ್ಮದೊಂದು ಸಣ್ಣ ಮೆಣಸಿನಕಾಯಿ ಅಂಗಡಿ, ಅದರ ಹಿಂದೆ ಗೋದಾಮು. ಅಲ್ಲಿ ಹತ್ತು ಹದಿನೈದು ಹೆಂಗಸರು ಸುತ್ತ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅಂಗಡಿಯವನ ಹೆಂಡತಿ ಎಂದು ನಾನೇನೂ ಕುರ್ಚಿ ಹಾಕಿಕೊಂಡು ಕೂತವಳಲ್ಲ, ಅವರ ನಡುವೆಯೇ ಕೂತು ಬಿಡಿಸುತ್ತಿದ್ದೆ. ಅಲ್ಲಿನ ಹರಟೆ, ಆ ಪೋಲಿ ಮಾತು, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಬರುತ್ತಿದ್ದ ಗುರೆಳ್ಳು ಚಟ್ನಿಯ ವಾಸನೆ ಇವತ್ತಿಗೂ ನೆನಪಾದರೆ ಆ ದಿನಗಳು ತಿರುಗಿ ಬರಬಾರದೇ ಅನ್ನಿಸುತ್ತದೆ.

ಕೆಲಸ ಮುಗಿದ ಮೇಲೆ ಒಂದು ಪದ್ಧತಿ ಇತ್ತು. ಎಲ್ಲರೂ ಕೈಗೆ ಶೇಂಗಾ ಎಣ್ಣೆ ಸವರಿ, ಜೋಳದ ಹಿಟ್ಟು ಹಾಕಿ ತಿಕ್ಕಿ, ಆಮೇಲೆ ಮಜ್ಜಿಗೆಯಲ್ಲಿ ತೊಳೆಯಬೇಕು. ಅದಾಗುವ ತನಕ ಕಣ್ಣು ಮುಟ್ಟುವ ಹಾಗಿಲ್ಲ, ಕೂಸನ್ನು ಎತ್ತುವ ಹಾಗಿಲ್ಲ, ಬಚ್ಚಲಿಗಂತೂ ಹೋಗುವ ಹಾಗೇ ಇಲ್ಲ. ಹೊಸದಾಗಿ ಬಂದ ಒಬ್ಬಾಕೆ ಮರೆತು ಬಚ್ಚಲಿಗೆ ಹೋಗಿ, ಕುಣಿಯುತ್ತ ಹೊರಗೆ ಬಂದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು.

ಹಾಗಾಗಿ ನಲವತ್ತೈದರ ಹೊತ್ತಿಗೆ ನನಗೆ ಕೆಳಗೆ ಉರಿ ಶುರುವಾದಾಗ ನಾನು ಬೇರೆ ವಿಚಾರವನ್ನೇ ಮಾಡಲಿಲ್ಲ. ಕೈ ಸರಿಯಾಗಿ ತೊಳೆದಿಲ್ಲ, ಖಾರ ತಾಗಿದೆ, ಅಷ್ಟೇ. ಅತ್ತೆಯವರಿಗೆ ಮೆಲ್ಲಗೆ ಹೇಳಿದೆ. ಅವರೂ ಮೂವತ್ತು ವರ್ಷ ಅದೇ ಗೋದಾಮಿನಲ್ಲಿ ಕೂತವರು.

“ಖಾರ ಮೈಯಾಗ ಇಳದೈತಿ ಯವ್ವಾ. ನಿನ್ನ ವಯಸ್ಸಿನ್ಯಾಗ ನನಗೂ ಹಿಂಗ ಆಗಿತ್ತು. ತೊಳಕೊಂತ ಇರು. ಇಂಥಾದ್ದೆಲ್ಲಾ ಗಂಡಸರ ಮುಂದ ಹೇಳಾಕ ಹೋಗಬ್ಯಾಡ,” ಎಂದರು.

ತೊಳೆದೆ ನೋಡಿ! ಬೆಳಿಗ್ಗೆ ಸಂಜೆ ಔಷಧದ ವಾಸನೆಯ ಸಾಬೂನು ಹಾಕಿ ತಿಕ್ಕಿದೆ. ಹೇಳಲು ನಾಚಿಕೆ, ಮಜ್ಜಿಗೆಯನ್ನೂ ಬಿಡಲಿಲ್ಲ. ತೊಳೆದಷ್ಟೂ ಉರಿ ಹೆಚ್ಚಾಯಿತು. ಗಳಿಗೆಗೊಮ್ಮೆ ಬಚ್ಚಲಿಗೆ ಓಡಬೇಕು, ಅದಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೇ ಬರುತ್ತಿತ್ತು, ಒಮ್ಮೆ ಎರಡು ತಿಂಗಳಾದರೂ ಪತ್ತೆ ಇರುತ್ತಿರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದ್ದೀತೆಂದು ತಲೆಗೆ ಹೊಳೆಯಲೇ ಇಲ್ಲ. ಮಳೆಗಾಲ ಬಂತು, ಗೋದಾಮು ಖಾಲಿಯಾಯಿತು, ಉರಿ ಮಾತ್ರ ಹೋಗಲಿಲ್ಲ. ಬುದ್ಧಿ ಇದ್ದವಳಾದರೆ ಆಗಲಾದರೂ ಅರ್ಥ ಮಾಡಿಕೊಳ್ಳಬೇಕಿತ್ತು. ಹಳೆಯ ಖಾರ ಇನ್ನೂ ಮೈಯಿಂದ ಹೋಗಿಲ್ಲ ಎಂದುಕೊಂಡು ಸುಮ್ಮನಾದೆ.

ಗಂಡನ ಜೊತೆ ಮಲಗುವುದು ಶಿಕ್ಷೆಯಾಗಿಬಿಟ್ಟಿತು. ಒಳಗೆಲ್ಲ ಒಣಗಿ ಸೀಳಿದ ಹಾಗೆ ನೋವು. ಅವರೋ, ಮದುವೆಯಾಗಿ ಇಪ್ಪತ್ಮೂರು ವರ್ಷವಾದರೂ ಅಂಗಡಿ ಮುಚ್ಚಿ ಬರುವಾಗ ನನಗೆಂದು ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುವ ಮನುಷ್ಯ. ಅವರು ಹತ್ತಿರ ಬರಬಾರದೆಂದು ನಾನು ಮೊದಲೇ ಜಗಳ ತೆಗೆಯತೊಡಗಿದೆ. ಉಪ್ಪಿಗೆ ಸಿಟ್ಟು, ಚಪ್ಪಲಿ ಬಿಟ್ಟ ಜಾಗಕ್ಕೆ ಸಿಟ್ಟು. ಒಂದು ದಿನ ಅವರು ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋದರು. “ಅಲ್ಲಿ ಫ್ಯಾನಿನ ಗಾಳಿ ಚಲೋ ಬರ್ತೈತಿ,” ಎಂದರು. ಪಡಸಾಲೆಯಲ್ಲಿ ಫ್ಯಾನೇ ಇರಲಿಲ್ಲ. ಹೀಗೇ ನಡೆದರೆ ಈ ಮನುಷ್ಯ ನನ್ನ ಕೈ ಬಿಟ್ಟು ಹೋಗುತ್ತಾನೆ, ಮನೆಯಲ್ಲೇ ಇದ್ದೂ ದೂರವಾಗುತ್ತಾನೆ ಎಂದು ನನಗೆ ಖರೇ ಹೆದರಿಕೆಯಾಯಿತು.

ಮುಂದಿನ ಸುಗ್ಗಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯ ಹೆಂಗಸೊಬ್ಬಳು ನನ್ನ ಒದ್ದಾಟ ನೋಡಿ ಕೇಳಿಯೇಬಿಟ್ಟಳು. “ಅಕ್ಕಾರ, ನಿಮಗ ನೆಟ್ಟಗ ಕುಂದ್ರಾಕ ಆಗವಲ್ದು. ಮುಟ್ಟು ಹಿಂದ ಮುಂದ ಆಗಾಕತ್ತೈತೇನು?” ನಾನು ಖಾರದ ಕಥೆ ಹೇಳಿದೆ. “ಕಾಯಿಗೆ ಬೈಕೊಂತ ಕುಂತ್ರ ಅದೇನು ಉತ್ತರಾ ಕೊಡ್ತೈತೇನ್ರಿ? ನಾಚಿಕಿ ಬಿಟ್ಟು ರಾಣೇಬೆನ್ನೂರಿಗೆ ಹೋಗ್ರಿ. ಅಲ್ಲೊಬ್ರು ಡಾಕ್ಟರ್ ಬಾಯಾರು ಅದಾರ,” ಎಂದಳು.

ಸೀರೆ ತರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟಿದ ಮೇಲೆ ಹೆದ್ದಾರಿ ಅಗೆದು ಹಾಕಿದ್ದರು. ಬಸ್ಸು ಎತ್ತಿ ಹಾಕಿದಾಗಲೆಲ್ಲ ನನಗೆ ದೇವರು ನೆನಪಾದ.

ಡಾಕ್ಟರಮ್ಮ ತಪಾಸಣೆ ಮಾಡಿದರು, ಮೂತ್ರ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿದರು. ಅವೆರಡೂ ಸರಿಯಾಗಿದ್ದವು. ನನ್ನ ಖಾರದ ಕಥೆ ಕೇಳಿ ನಕ್ಕುಬಿಟ್ಟರು. “ನಿಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಭಾಳ, ಖಾರ ಕಮ್ಮಿ. ಅದನ್ನ ನಾ ನಿಮಗ ಹೇಳಬೇಕೇನ್ರಿ? ವರ್ಷಗಟ್ಟಲೆ ಉರಿಯೂವಂಥ ಖಾರ ಯಾವ ಕಾಯಿಗೂ ಇಲ್ಲ.”

ಮುಟ್ಟು ಪೂರ್ತಿ ನಿಲ್ಲುವ ಕೆಲವು ವರ್ಷ ಮೊದಲೇ ಮೈಯೊಳಗಿನ ಹಾರ್ಮೋನು ಏರುಪೇರಾಗಿ ಇಳಿಯುತ್ತ ಬರುತ್ತದಂತೆ. ಆಗ ಅಲ್ಲಿನ ಚರ್ಮ ತೆಳುವಾಗಿ ಒಣಗುತ್ತದೆ. ಉರಿ, ಮೇಲಿಂದ ಮೇಲೆ ಮೂತ್ರ, ಕೂಡುವಾಗಿನ ನೋವು ಎಲ್ಲ ಅದರಿಂದಲೇ. ನಾನು ಸಾಬೂನು ತಿಕ್ಕಿ ತಿಕ್ಕಿ ಅದನ್ನು ಇನ್ನೂ ಕೆಡಿಸಿದ್ದೆ. “ಸಾಬೂನು, ಮಜ್ಜಿಗಿ ಎಲ್ಲಾ ಬಿಡ್ರಿ. ಬರೀ ನೀರು ಸಾಕು. ಕುಡ್ಯೂ ನೀರು ಕಮ್ಮಿ ಮಾಡಬ್ಯಾಡ್ರಿ,” ಎಂದು ಹಚ್ಚಿಕೊಳ್ಳಲು ಒಂದು ಮುಲಾಮು ಬರೆದುಕೊಟ್ಟರು. ರಕ್ತ ವಿಪರೀತ ಹೋದರೆ, ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ಕಾಣಿಸಿದರೆ ತಡಮಾಡದೆ ಬರಬೇಕೆಂದರು. ಎದ್ದು ನಿಂತಾಗ ಕೇಳಿದರು: “ಮನಿಯವರಿಗೆ ಹೇಳೀರೇನು?” ಇನ್ನೂ ಇಲ್ಲ ಎಂದೆ. “ಹೇಳ್ರಿ. ಅದೂ ಔಷಧದಾಗ ಬರ್ತೈತಿ.”

ಮರುದಿನ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು ನೋಡಿ, ಅಂಗಡಿಯ ಚೀಲಗಳ ನಡುವೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅವರು ತಕ್ಕಡಿಯನ್ನೇ ನೋಡುತ್ತ ಕೇಳಿಸಿಕೊಂಡರು.

“ನಿನಗ ನನ್ನ ಮ್ಯಾಲೆ ಬ್ಯಾಸರ ಬಂದೈತಿ ಅಂತ ತಿಳದಿದ್ನಿ,” ಎಂದರು.

“ಅಯ್ಯ, ಹುಚ್ಚರದೀರಿ!” ಎಂದೆ. ಅಷ್ಟು ಹೇಳುವುದರಲ್ಲಿ ಕಣ್ಣು ತುಂಬಿ ಬಂತು. ಪಡಸಾಲೆಯ ಹಾಸಿಗೆ ಅವತ್ತೇ ಒಳಗೆ ಬಂತು. ಉರಿ ಇಳಿಯಲು ಎರಡು ತಿಂಗಳು ಹಿಡಿಯಿತು, ಅಲ್ಲಿಯ ತನಕ ಅವರು ಒಂದು ದಿನವೂ ಅವಸರ ಮಾಡಲಿಲ್ಲ.

ಆರಾಮಾದ ಮೇಲೆ ಒಂದು ದಿನ, ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆಯವರ ಮುಂದೆ ಕೂತು ಎಲ್ಲ ಹೇಳಿದೆ. ಗೆದ್ದು ಬಂದವಳ ಜಂಭದಲ್ಲೇ ಹೇಳಿದೆ ಅನ್ನಿ. ಅವರ ಕೈಯೊಳಗಿನ ಮೊರ ನಿಂತಿತು.

“ಅಂದ್ರ, ಅದು ಖಾರ ಅಲ್ಲಾ?”

“ಅಲ್ರಿ, ಅತ್ತಿ.”

“ಔಷಧ ಐತೇನು ಅದಕ್ಕ?”

“ಐತ್ರಿ.”

ಮಾವನವರು ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ನಾನು ಮದುವೆಯಾಗಿ ಬಂದಾಗಿನಿಂದ ಅವರು ಮಲಗುತ್ತಿದ್ದುದು ಅಂಗಡಿಯಲ್ಲೇ. ವ್ಯಾಪಾರದ ಮೇಲೆ ಅಷ್ಟು ಜೀವ ಎಂದು ನಾವೆಲ್ಲ ನಂಬಿದ್ದೆವು.

“ಹದಿನೇಳು ವರ್ಷ ಅಂಗಡ್ಯಾಗ ಮಲಗಿದ್ರು,” ಎಂದರು ಅತ್ತೆ. “ನಾ ಅವರನ್ನ ಒಲ್ಲೆ ಅಂದೇನಿ ಅಂತನ ತಿಳಕೊಂಡು ಹೋದ್ರು ಯವ್ವಾ.”

ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಮಾವನವರು ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ.