ಅತ್ತೆ ಪಳಗಿಸಿದ ಪೈಪುಗಳು

ಅತ್ತೆಯ ಬಲಗೈ ಹೆಬ್ಬೆರಳಿನ ತುದಿ ಕರ್ರಗಾಗಿ, ಒಣಗಿದ ತೊಗಲಿನ ಹಾಗೆ ಗಟ್ಟಿಯಾಗಿತ್ತು. ಪೈಪಿನಲ್ಲಿ ಉರಿಯುತ್ತಿರುವ ತಂಬಾಕನ್ನು ಅವಳು ಅದೇ ಬೆರಳಿನಿಂದ ಅದುಮುತ್ತಿದ್ದಳು. ಮನೆಗೆ ಬಂದವರ ಕಣ್ಣಿಗೆ ಅದು ಬಿದ್ದರೂ ಯಾರೂ ಏನೂ ಕೇಳುತ್ತಿರಲಿಲ್ಲ. ಮೂರು ಹೊತ್ತೂ ಒಲೆಯ ಮುಂದಿರುವ ಹೆಂಗಸಿನ ಬೆರಳು ಸುಡದೆ ಇನ್ನೇನಾಗುತ್ತದೆ ಎಂದುಕೊಂಡಿರಬೇಕು.

ಅವಳು ನನ್ನ ಅಪ್ಪನ ತಂಗಿ. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ಬಸವನಗುಡಿಯ ನಮ್ಮ ಮನೆಗೆ ವಾಪಸು ಬಂದವಳು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅಡುಗೆಮನೆ, ಬಚ್ಚಲಮನೆ, ಹಿತ್ತಲು ಮೂರೂ ಅವಳ ಪಾಲಿಗೆ ಬಂದಿದ್ದವು. ಜಗಲಿ ಮಾತ್ರ ಅಪ್ಪನದು.

ಅಪ್ಪ ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಂದು ಇಂಗ್ಲಿಷ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿಯ ದೊರೆ ತನ್ನ ದೇಶಕ್ಕೆ ಹೊರಟಾಗ ತಾನು ಸೇದುತ್ತಿದ್ದ ಪೈಪನ್ನು ಅಪ್ಪನಿಗೆ ಕೊಟ್ಟುಹೋದ. ಪೈಪಿನ ಜೊತೆ ಅವನ ಗತ್ತೂ ಬಂತು. ಬೀಡಿ ಕೂಲಿಯವರದು, ಸಿಗರೇಟು ಪಡ್ಡೆ ಹುಡುಗರದು, ನಶ್ಯ ಪುರೋಹಿತರದು, ಪೈಪು ಮಾತ್ರ ದೊಡ್ಡ ಮನುಷ್ಯರದು ಎಂದು ಅಪ್ಪ ಹೇಳುತ್ತಿದ್ದರು. ಅವರನ್ನು ನೋಡಿ ಮೂವರು ಸ್ನೇಹಿತರೂ ಒಂದೊಂದು ಪೈಪು ಕೊಂಡರು. ಭಾನುವಾರ ಬೆಳಿಗ್ಗೆ ನಾಲ್ವರೂ ಜಗಲಿಯ ಬೆತ್ತದ ಕುರ್ಚಿಗಳಲ್ಲಿ ಕೂತರೆಂದರೆ ಮನೆಯ ಮುಂದೆ ಮೋಡ ಕವಿಯುತ್ತಿತ್ತು. ನಮ್ಮಲ್ಲಿ ಹೆಂಗಸರಿಗೆ ಹೊಗೆಸೊಪ್ಪು ನಿಷಿದ್ಧವೇನಲ್ಲ. ಅಮ್ಮ ಊಟವಾದ ಮೇಲೆ ಎಲೆಯಡಿಕೆಗೆ ಒಂದು ಚೂರು ಸೇರಿಸಿಕೊಂಡು ಹಾಯಾಗಿ ಜಗಿಯುತ್ತಿದ್ದಳು. ಆದರೆ ಎದುರಿನ ಮರದ ಕೆಳಗೆ ರಸ್ತೆ ಕೆಲಸದ ಹೆಂಗಸರು ಬೀಡಿ ಹಚ್ಚಿದರೆ ಅಪ್ಪ "ಥೂ, ಹೆಂಗಸರಾಗಿ" ಎಂದು ಮುಖ ಸಿಂಡರಿಸುತ್ತಿದ್ದರು, ಪೈಪನ್ನು ಬಾಯಿಂದ ತೆಗೆಯದೆಯೇ.

ದೊರೆ ಕೊಟ್ಟದ್ದು ಹಳೆಯ ಪೈಪು, ರುಚಿಗಟ್ಟಿದ್ದು. ಆಮೇಲೆ ಅಪ್ಪ ಆಸೆಯಿಂದ ಒಂದು ಹೊಸದನ್ನು ತಂದರು. ಹೊಸ ಪೈಪಿನ ಒಳಮೈ ಬರೀ ಮರ. ಹೊಗೆ ಕೂತು ಕೂತು ಅಲ್ಲಿ ಮಸಿಯ ಒಂದು ಪದರ ಕಟ್ಟುವವರೆಗೆ ಪ್ರತಿ ದಮ್ಮೂ ಕಹಿ, ನಾಲಿಗೆಗೆ ಉರಿ. ಅಪ್ಪ ಒಂದು ದಮ್ಮು ಎಳೆದು ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಕಾಫಿ ತಂದ ಅತ್ತೆ ನಗುತ್ತಾ, "ಹೊಸ ಕಾವಲೀನೂ ಹೀಗೇ ಅಲ್ವಾ ಅಣ್ಣಯ್ಯ. ನಾಲ್ಕು ದೋಸೆ ಹಾಳಾಗದೆ ಪಳಗೋದಿಲ್ಲ" ಅಂದಳು.

"ಹಾಗಾದ್ರೆ ನೀನೇ ಪಳಗಿಸ್ಕೊಡು. ಕಾವಲಿ ಪಳಗಿಸೋಳಿಗೆ ಇದ್ಯಾವ ಮಹಾ" ಎಂದು ಅಪ್ಪ ಪೈಪನ್ನು ಅವಳ ಕೈಗಿಟ್ಟರು.

ತಮಾಷೆಗೆ ಆಡಿದ ಮಾತು ಅವಳ ಕೊರಳಿಗೇ ಬಿತ್ತು. ಬೆಳಿಗ್ಗೆ ಹಂಡೆಯ ಒಲೆ ಹಚ್ಚುವಾಗ ಬಚ್ಚಲಮನೆಯಲ್ಲಿ ಹೇಗೂ ಹೊಗೆ ತುಂಬಿರುತ್ತಿತ್ತು. ಒಲೆಯ ಹೊಗೆ ಯಾವುದು, ಅತ್ತೆಯ ಹೊಗೆ ಯಾವುದು ಎಂದು ಕೇಳುವವರಾರು? ಅಮ್ಮ ಆ ಹೊತ್ತಿಗೆ ಅತ್ತ ಸುಳಿಯುತ್ತಿರಲಿಲ್ಲ. ಅತ್ತೆ ಕಹಿಯನ್ನೆಲ್ಲ ತಾನು ಸೇದಿ, ರುಚಿ ತಿರುಗಿತು ಅನ್ನಿಸಿದ ದಿನ ಪೈಪನ್ನು ಒರೆಸಿ ಅಪ್ಪನ ಮೇಜಿನ ಮೇಲೆ ಇಡುತ್ತಿದ್ದಳು. ಅಷ್ಟು ಹೊತ್ತಿಗೆ ಇನ್ನೊಂದು ಹೊಸದು ಬಂದಿರುತ್ತಿತ್ತು. ಬೇರೆಯವರು ಕುಡಿದ ಲೋಟ ಮುಟ್ಟದ ಅಪ್ಪ, "ಬೆಂಕಿಗೆ ಎಂಜಲಿಲ್ಲ" ಎಂದು ಅದಕ್ಕೊಂದು ಶಾಸ್ತ್ರವನ್ನೂ ಹುಡುಕಿಕೊಂಡಿದ್ದರು.

ಜಗಲಿಯ ನಾಲ್ವರು ಆಗಾಗ ಪಂದ್ಯ ಹೂಡುತ್ತಿದ್ದರು. ಎಲ್ಲರಿಗೂ ಒಂದೇ ಅಳತೆಯ ತಂಬಾಕು, ಹಚ್ಚಲು ತಲಾ ಒಂದೇ ಬೆಂಕಿಕಡ್ಡಿ. ಯಾರ ಪೈಪು ಕೊನೆಯವರೆಗೆ ಆರದೆ ಇರುತ್ತದೋ ಅವರು ಗೆದ್ದ ಹಾಗೆ. ಅಪ್ಪನೇ ಗೆಲ್ಲುತ್ತಿದ್ದರು. ಒಮ್ಮೆ ಸ್ನೇಹಿತರೊಬ್ಬರು, "ಪೈಪು ಪಳಗಿಸೋದನ್ನ ನಿಮ್ಮಿಂದ ಕಲೀಬೇಕು ರಾಯರೇ" ಅಂದರು.

"ತಾಳ್ಮೆ ಬೇಕು ಸ್ವಾಮಿ" ಎಂದರು ಅಪ್ಪ.

ಒಳಗೆ ಬೋಂಡ ಕರಿಯುತ್ತಿದ್ದ ಅತ್ತೆ ನನ್ನ ಕಡೆ ತಿರುಗಿ, "ತಾಳ್ಮೆಯಂತೆ" ಅಂದಳು. ಇಬ್ಬರೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆವು. ಆ ನಗು ಬಹಳ ದಿನ ಉಳಿಯಲಿಲ್ಲ. ಹೊಗಳಿಕೆಗೆ ಉಬ್ಬಿದ ಅಪ್ಪ ಸ್ನೇಹಿತರ ಹೊಸ ಪೈಪುಗಳನ್ನೂ ಪಳಗಿಸಿಕೊಡುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದರು.

ನನಗೂ ಒಮ್ಮೆ ಕುತೂಹಲ ಹುಟ್ಟಿ ಪೈಪಿಗೆ ಕೈ ಹಾಕಿದೆ. ಅತ್ತೆ ಕೈಮೇಲೆ ಬಾರಿಸಿದಳು. "ಚೆನ್ನಾಗಿ ಪಳಗಿಸ್ತೀಯ ಅಂತ ಒಂದ್ಸಲ ಗೊತ್ತಾದ್ರೆ ಮತ್ತೆ ಬಿಡೋದಿಲ್ಲ ಕಣೇ. ಹೋಗು, ಓದ್ಕೋ" ಅಂದಳು. ಕಾವಲಿಯನ್ನೂ ಅವಳು ನನಗೆ ಮುಟ್ಟಗೊಡಲಿಲ್ಲ. ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದರೆ ಆ ಒಂದು ಏಟಿನಿಂದ.

ಒಂದು ಸಲ ಬಂದದ್ದು ಚಿಕ್ಕ ಪೈಪು, ಹುಣಿಸೆಬೀಜದ ಬಣ್ಣ, ಕೊಕ್ಕಿನ ಹಾಗೆ ಬಾಗಿದ ಕತ್ತು. ಅತ್ತೆಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಅದು ಸಿಹಿಯಾದ ದಿನ ಮೇಜಿನ ಮೇಲೆ ಇಡಲಾರದೆ ಕೈಯಲ್ಲೇ ಹಿಡಿದು ನಿಂತಳು.

"ಅಣ್ಣಯ್ಯ, ಇದೊಂದು ನನಗಿರಲಿ."

ಅಪ್ಪನಿಗೆ ಅರ್ಥವೇ ಆಗಲಿಲ್ಲ. "ನಿನಗ್ಯಾಕೆ? ಹೆಂಗಸರು ಪೈಪು ಸೇದ್ತಾರೇನೇ?"

"ಇಷ್ಟು ವರ್ಷ ಸೇದಿದ್ನಲ್ಲ."

"ಅದು ಸೇದೋದಲ್ಲಮ್ಮ, ಪಳಗಿಸೋದು" ಎಂದು ಅಪ್ಪ ಮೃದುವಾಗಿಯೇ ಹೇಳಿ ಪೈಪನ್ನು ಅವಳ ಕೈಯಿಂದ ತೆಗೆದುಕೊಂಡರು. ಅವಳು ಮತ್ತೆ ಎಂದೂ ಕೇಳಲಿಲ್ಲ. ಆದರೆ ಆ ಪೈಪಿನ ವಾಸನೆ ಬಂದಾಗಲೆಲ್ಲ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಜಗಲಿಯ ಕಡೆ ನೋಡುತ್ತಿದ್ದಳು. ಅಪ್ಪನ ಮೇಲೆ ನನಗೆ ಸಿಟ್ಟು ಶುರುವಾದದ್ದು ಆಗಲೇ.

ಕೆಲವು ವರ್ಷಗಳ ಮೇಲೆ ಅತ್ತೆಯ ನಾಲಿಗೆಯ ಬದಿಯಲ್ಲಿ ಒಂದು ಹುಣ್ಣಾಯಿತು. ಜೇನುತುಪ್ಪ, ತುಪ್ಪ, ಕಷಾಯ ಯಾವುದಕ್ಕೂ ಅದು ಮಾಯಲಿಲ್ಲ. ಮನೆಗೆ ಬಂದ ಡಾಕ್ಟರು ಬಾಯಿ ನೋಡಿ, "ಹೊಗೆ ಸೇದೋ ಅಭ್ಯಾಸ ಏನಾದ್ರೂ ಇದೆಯಾ?" ಎಂದು ಕೇಳಿದರು.

"ಛೆ, ಎಲ್ಲಾದ್ರೂ ಉಂಟೆ ಡಾಕ್ಟ್ರೇ" ಎಂದರು ಅಪ್ಪ.

ಅವರು ಸುಳ್ಳು ಹೇಳಲಿಲ್ಲ, ಹಾಗೆಂದೇ ಅವರು ನಂಬಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈ ಅದುಮಿದಳು. ಬೀದಿಯವರೆಗೆ ಕಳಿಸಲು ಹೋದಾಗ ನಾನೇ ಡಾಕ್ಟರಿಗೆ ಹೇಳಿದೆ. ಅವರು ತಲೆಯಾಡಿಸಿ, "ಇನ್ನು ಗೊತ್ತಾಗಿಯೂ ಉಪಯೋಗವಿಲ್ಲಮ್ಮ" ಅಂದರು.

ಅವಳು ಗಂಜಿಯನ್ನೂ ನುಂಗಲಾರದ ಸ್ಥಿತಿಗೆ ಬಂದಾಗ, ಒಂದು ಭಾನುವಾರ ಅಪ್ಪ ಸ್ನೇಹಿತರನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಹುಣಿಸೆಬೀಜದ ಬಣ್ಣದ ಆ ಪೈಪನ್ನು ತಂದು, ಪಂಚೆಯ ಅಂಚಿನಿಂದ ಒರೆಸಿ, ತಾವೇ ತುಂಬಿ, ಹಚ್ಚಿ, ತಂಗಿಯ ತುಟಿಗಿಟ್ಟರು. ಅವಳು ಕಣ್ಣು ಮುಚ್ಚಿ ಸಣ್ಣಗೆ ಒಂದು ದಮ್ಮು ಎಳೆದಳು.

"ಹೇಗಿದೆಯೇ?"

"ಸಕ್ಕರೆ, ಅಣ್ಣಯ್ಯ" ಅಂದಳು.

ಅಪ್ಪ ಗೆಲುವಾಗಿ ಎದ್ದು ಹೋದರು. ಪೈಪನ್ನು ತೆಗೆದುಕೊಳ್ಳುತ್ತಾ ನಾನು, "ನಿಜವಾಗ್ಲೂನಾ ಅತ್ತೆ?" ಎಂದು ಕೇಳಿದೆ.

"ನಾಲಿಗೆ ಸತ್ತು ಎಷ್ಟು ದಿನ ಆಯ್ತೋ. ಕಹೀನೂ ಇಲ್ಲ, ಸಿಹೀನೂ ಇಲ್ಲ ಕಣೇ. ಬಿಸಿ ಮಾತ್ರ ಗೊತ್ತಾಯ್ತು."

ಆ ವಾರ ಕಳೆಯುವುದರೊಳಗೆ ಅವಳು ಹೋದಳು.

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಪ್ಪ ಜಗಲಿಯಲ್ಲಿ ಕೂತು, "ಏನೇ ಆಗ್ಲಿ, ಕೊನೆಗೂ ಅವಳ ಆಸೆ ತೀರಿಸ್ದೆ" ಅಂದರು. ನನಗೆ ತಡೆಯಲಾಗಲಿಲ್ಲ. ಅತ್ತೆ ನನಗೆ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಈ ಮಾತು ಅವರಿಗೆ ತಾಗಲಿ ಎಂದೇ ಹೇಳಿದೆ.

ಅಪ್ಪ ಕುರ್ಚಿಯಿಂದ ಎದ್ದರು. ಆಮೇಲೆ ಒಳಗೆ ಹೋಗಿ, ಅತ್ತೆ ಹಾಸಿಗೆ ಹಿಡಿಯುವ ಮೊದಲು ಕೊಂಡಿದ್ದ ಹೊಸ ಪೈಪನ್ನು ಡಬ್ಬಿಯ ಸಮೇತ ತಂದರು. ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, "ಇದನ್ನ ಇನ್ನು ಯಾರು ಪಳಗಿಸ್ತಾರೆ ಪುಟ್ಟೀ?" ಎಂದರು. ಹೇಳುತ್ತಾ ಹೇಳುತ್ತಾ ಅವರ ಕಣ್ಣಿಂದ ನೀರು ಇಳಿಯಿತು. ಅತ್ತೆಗಾಗಿ ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.