ಅಮ್ಮನ ಕಾಲಿನ ನೀಲಿ ಗಂಟು

ನಾನು ಚಿಕ್ಕವನಿದ್ದಾಗ ನಡೆದ ಈ ಸಂಗತಿಯಲ್ಲಿ ನಾನೇ ಕಂಡದ್ದೆಷ್ಟು, ಅಕ್ಕ ಹೇಳಿ ಹೇಳಿ ತಲೆಯಲ್ಲಿ ಕೂತದ್ದೆಷ್ಟು ಎಂದು ಖಚಿತವಾಗಿ ಹೇಳಲಾರೆ ಮಕ್ಕಳೇ. ಆಗ ನನಗೆ ಎಂಟು ವರ್ಷ ಅಂದುಕೊಂಡಿದ್ದೇನೆ. ಆರೇ ಎನ್ನುತ್ತಾಳೆ ಅಕ್ಕ.

ಜಾವಳಿಯ ಹತ್ತಿರದ ಒಂದು ಎಸ್ಟೇಟಿನಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕಿದ್ದರು. ಅಮ್ಮನ ಎಡಗಾಲಿನಲ್ಲಿ ಮೊಣಕಾಲಿನಿಂದ ಹಿಮ್ಮಡಿಯವರೆಗೆ ನೀಲಿ ರಕ್ತನಾಳಗಳು ಬಳ್ಳಿಯ ಹಾಗೆ ಸುತ್ತಿಕೊಂಡು ಉಬ್ಬಿದ್ದವು. ಬೆರಳಿನಿಂದ ಒತ್ತಿದರೆ ಗಂಟು ತಗ್ಗುತ್ತಿತ್ತು, ಬಿಟ್ಟರೆ ಮತ್ತೆ ಮೇಲೇಳುತ್ತಿತ್ತು. ನನಗದು ಆಟ. ಸಂಜೆಯ ಹೊತ್ತಿಗೆ ಪಾದ ಊದಿ, ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಮೂಡಿರುತ್ತಿತ್ತು. ಕಣಕಾಲಿನ ಸುತ್ತ ಚರ್ಮ ಕಪ್ಪಾಗಿ ತುರಿಸುತ್ತಿತ್ತು. ನಿಂತು ದುಡಿಯುವವರ ಕಾಲು ಹಾಗೇ ಎಂದು ಎಲ್ಲರೂ ಸುಮ್ಮನಿದ್ದರು. ಅದೊಂದು ಕಾಯಿಲೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಅಂದು ಮಳೆ ಬಿಟ್ಟು ಎಳೆಬಿಸಿಲು ಬಂದಿತ್ತು. ಅಮ್ಮ ಕಾಫಿ ಗಿಡದ ಬೇಡದ ಚಿಗುರು ಮುರಿಯುತ್ತಿದ್ದಳು. ಕೈಯೆಲ್ಲ ಹಸಿ ಎಲೆಯ ವಾಸನೆ. ರಜೆಯಾದ್ದರಿಂದ ನಾನೂ ಅಕ್ಕನೂ ಜೊತೆಗಿದ್ದೆವು. ಅಮ್ಮನ ಕಾಲಿನಿಂದ ರಕ್ತ ಇಳಿಯುವುದನ್ನು ಮೊದಲು ಕಂಡವಳು ಅಕ್ಕ.

"ಇಂಬಳ ಇರ್ಬೇಕು ಬಿಡೆ. ಅದಕ್ಕೂ ಒಂದು ಹೊಟ್ಟೆ ಇರುತ್ತಲ್ಲ, ಕುಡೀಲಿ" ಎಂದು ಅಮ್ಮ ನಕ್ಕಳು.

ನಮ್ಮ ಕಡೆ ಇಂಬಳ, ಅಂದರೆ ಜಿಗಣೆ, ಕಚ್ಚಿದ ರಕ್ತಕ್ಕೆ ಯಾರೂ ಬಗ್ಗಿ ನೋಡುವುದಿಲ್ಲ. ಅಮ್ಮ ಹಿಡಿದ ಸಾಲನ್ನು ಮುಗಿಸಲು ಹೋದಳು. ಸಾಲು ಮುಗಿಯುವಷ್ಟರಲ್ಲಿ ಚಪ್ಪಲಿ ಜಾರತೊಡಗಿತ್ತು. ಇಂಬಳ ಹತ್ತದಿರಲೆಂದು ಕಾಲಿಗೆ ಸುತ್ತಿದ್ದ ಗೋಣಿ ಬಿಚ್ಚಿದರೆ ಒಳಗೆ ಇಂಬಳ ಇರಲಿಲ್ಲ. ಕಣಕಾಲಿನ ಮೇಲಿನ ಗಂಟೊಂದರಿಂದ ರಕ್ತ ಸಣ್ಣಗೆ ಚಿಮ್ಮುತ್ತಿತ್ತು. ನೋವೇ ಇಲ್ಲ ಎಂದಳು ಅಮ್ಮ. ಅದೇ ನಮಗೆ ಹೆಚ್ಚು ಹೆದರಿಕೆ ತಂದಿತು.

ತೋಟದ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯವರು ಓಡಿ ಬಂದು ಗಾಯಕ್ಕೆ ಸುಣ್ಣ, ಹೊಗೆಸೊಪ್ಪು ಮೆತ್ತಿದರು. ರಕ್ತ ಅದನ್ನೂ ತೊಳೆದುಕೊಂಡು ಹೋಯಿತು. ಹಾವೇ ಕಚ್ಚಿದೆ ಎಂದು ತೀರ್ಮಾನಿಸಿ ಮೊಣಕಾಲಿನ ಕೆಳಗೆ ಗೋಣಿದಾರ ಬಿಗಿದು, ಅಮ್ಮನನ್ನು ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂರಿಸಿದರು. ಅಷ್ಟರಲ್ಲಿ ಬಂದ ಅಪ್ಪ ಜೀಪ್ ತರಲು ಮಾಲೀಕರ ಬಂಗಲೆಯ ಕಡೆ ಓಡಿದರು. ಅಮ್ಮನ ಬೆನ್ನಿಗೆ ಬೆನ್ನು ಕೊಟ್ಟು ನಾನು ಕೂತೆ.

"ಮಲಗೋಕೆ ಬಿಡ್ಬೇಡ ಮಾರಾಯ. ಕಣ್ಣು ಮುಚ್ಚಿದ್ರೆ ಮತ್ತೆ ಎಚ್ಚರ ಆಗಲ್ಲ" ಎಂದರು ಮೇಸ್ತ್ರಿ.

ಅಮ್ಮನ ಬೆನ್ನು ತಣ್ಣಗಾಗುತ್ತಿತ್ತು. ದಾರ ಬಿಗಿದ ಮೇಲೆ ರಕ್ತ ಇನ್ನೂ ಜೋರಾಯಿತು ಎಂದು ನನ್ನ ನೆನಪು.

"ಒಂದು ಚೂರು ಮಲಗ್ತೀನಿ ಕಣೋ, ಬಿಡು" ಎಂದಳು.

ನಾನು ಬಿಡಲಿಲ್ಲ. ಮತ್ತೆ ಕೇಳಿದಳು. ಅಳುತ್ತಾ ಬೆನ್ನಿನಿಂದ ಇನ್ನೂ ಗಟ್ಟಿಯಾಗಿ ಒತ್ತಿದೆ. ಆಮೇಲೆ ನನ್ನ ಕೈಲಾಗದೆ ಹೋಯಿತೋ, ಅವಳ ಮಾತಿಗೆ ಸೋತು ನಾನೇ ಸರಿದೆನೋ ಇಂದಿಗೂ ಗೊತ್ತಿಲ್ಲ. ಅಮ್ಮ ಹಿಂದಕ್ಕೆ ಒರಗಿ ತರಗೆಲೆಯ ಮೇಲೆ ಬಿದ್ದಳು. ಕಾಲು ಮಾತ್ರ ಕಲ್ಲಿನ ಮೇಲೇ ಉಳಿಯಿತು. ಸತ್ತೇ ಹೋದಳೆಂದು ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕ ತನ್ನ ಲಂಗದ ಅಂಚನ್ನು ಗಾಯಕ್ಕೆ ಒತ್ತಿ ಹಿಡಿದಳಂತೆ. ಅಪ್ಪ ಬರುವಾಗ ರಕ್ತ ನಿಂತಿತ್ತು.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕಿ ಕಳಿಸಿದರು. ಉಬ್ಬಿದ ನಾಳಗಳ ಮಾತು ಯಾರೂ ಎತ್ತಲಿಲ್ಲ. ಅದೇ ಕಾಲಿನಲ್ಲಿ ಅಮ್ಮ ಮತ್ತೂ ಎಷ್ಟೋ ವರ್ಷ ತೋಟಕ್ಕೆ ಹೋದಳು. ನಾವು ನೋಡುತ್ತಿದ್ದೆವು, ಅಷ್ಟೆ.

ಕಳೆದ ವರ್ಷ ನಿಮ್ಮ ಅಮ್ಮನಿಗೂ, ತರಗತಿಯಲ್ಲಿ ನಿಂತು ಪಾಠ ಮಾಡುವವಳಿಗೆ, ಅಂಥದೇ ಗಂಟು ಕಾಣಿಸಿತು. ಚಿಕ್ಕಮಗಳೂರಿನಲ್ಲಿ ಅವಳನ್ನು ನಿಲ್ಲಿಸಿ ಸ್ಕ್ಯಾನ್ ಮಾಡಿದರು. ಮೇಲೇರಬೇಕಾದ ರಕ್ತ ಕೆಳಕ್ಕೆ ಜಾರುವುದನ್ನು ಪರದೆಯ ಮೇಲೆ ನೀವೂ ಕಂಡಿರಿ. ಸಣ್ಣ ತಂತಿಯ ಬಿಸಿಯಿಂದ ಆ ನಾಳವನ್ನು ಮುಚ್ಚಿದರು. ಅವಳು ಸಂಜೆಗೆ ನಡೆದುಕೊಂಡೇ ಮನೆಗೆ ಬಂದಳು. ಡಾಕ್ಟರ್ ಹಾಕಿಕೊಳ್ಳಲು ಹೇಳಿದ ಅವಳ ಬಿಗಿ ಕಾಲುಚೀಲವನ್ನು ಎಳೆದು ನೀವು ನಗುತ್ತೀರಿ.

ಅಂದು ಆ ಡಾಕ್ಟರನ್ನು ನಾನು ಒಂದೇ ಪ್ರಶ್ನೆ ಕೇಳಿದೆ: ಇಂಥ ಗಂಟು ಒಡೆದು ರಕ್ತ ಚಿಮ್ಮಿದರೆ ಏನು ಮಾಡಬೇಕು? ಆಮೇಲೆ ಎರಡು ವೈದ್ಯಕೀಯ ಪುಸ್ತಕ ತೆಗೆದೂ ನೋಡಿದೆ. ಮೂರೂ ಕಡೆ ಒಂದೇ ಉತ್ತರ: ಉಬ್ಬಿದ ನಾಳ ಒಡೆದರೆ ಮೇಲೆ ದಾರ ಕಟ್ಟಬಾರದು, ಕೂರಿಸಬಾರದು, ಮಲಗಿಸಿ, ಕಾಲನ್ನು ಎತ್ತರಕ್ಕಿಟ್ಟು, ಗಾಯವನ್ನು ಒತ್ತಿ ಹಿಡಿಯಬೇಕು.